ಮುಖ ಮತ್ತು ಮಾನ: ಮೋಟಾರು ಕಾರಿನ ಮುಂಭಾಗದ ವಿನ್ಯಾಸ ಕುರಿತ ಒಂದು ವಿವೇಚನೆ

1

ಶಿಲ್ಪಶಾಸ್ತ್ರದ ಪರಂಪರೆಯಲ್ಲಿ ಮುಖವೆಂಬುದು ಪ್ರತಿಮೆಯ ಹಲವು ಅವಯವಗಳಲ್ಲಿ ಒಂದು ಮಾತ್ರವಲ್ಲ. ಅದು ಅಳತೆಯ ಮೂಲ. ಮುಖದ ಉದ್ದವನ್ನು ಒಂದು ತಾಲವೆಂದು ಹಿಡಿದು, ಆ ತಾಲವನ್ನು ಹನ್ನೆರಡು ಅಂಗುಲಗಳಾಗಿ ವಿಭಾಗಿಸಿ, ಅದರ ಆಧಾರದ ಮೇಲೆ ಕೊರಳು, ಎದೆ, ಊರು, ಜಂಘೆಗಳ ಪ್ರಮಾಣವನ್ನು ನಿರ್ಣಯಿಸುವ ಕ್ರಮ ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ನವತಾಲದ ಪ್ರತಿಮೆ 108 ಅಂಗುಲ. ಉತ್ತಮ ದಶತಾಲದ ಪ್ರತಿಮೆ 124 ಅಂಗುಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ವೂ ಚಿತ್ರವನ್ನು ಹೇಳುವ ಸಂದರ್ಭದಲ್ಲಿ ಈ ಮಾನವಿಚಾರಕ್ಕೆ ಎಡೆಗೊಟ್ಟಿದೆ. ಈ ವ್ಯವಸ್ಥೆಯ ಮುಖ್ಯ ಫಲವೆಂದರೆ ಮುಖಕ್ಕೂ ದೇಹಕ್ಕೂ ಇರುವ ಬಿಡಿಸಲಾಗದ ನಂಟು. ಮುಖವನ್ನು ಹಿಗ್ಗಿಸಿದರೆ ಇಡೀ ಪ್ರತಿಮೆಯೇ ಹಿಗ್ಗಬೇಕು. ದೇಹವನ್ನು ಹಾಗೆಯೇ ಉಳಿಸಿ ಮುಖವನ್ನಷ್ಟೇ ಬದಲಾಯಿಸಿದರೆ ಅದು ಮಾನಭಂಗವೆನಿಸುತ್ತದೆ.

ಮೋಟಾರು ಕಾರಿಗೂ ಮುಖವೊಂದಿದೆ ಎಂದು ಜನ ಸಹಜವಾಗಿಯೇ ಭಾವಿಸುತ್ತಾರೆ. ಹೆಡ್‌ಲೈಟುಗಳು ಕಣ್ಣುಗಳಾಗಿ, ನಡುವಣ ಗ್ರಿಲ್ ಬಾಯಿಯಾಗಿ, ಬಂಪರು ಗಲ್ಲವಾಗಿ ಕಾಣುತ್ತವೆ. ಇದು ಬರಿಯ ಕವಿಸಮಯವಲ್ಲ. ವಿಯೆನ್ನಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಾರುಗಳ ಮುಂಭಾಗವನ್ನು ನೋಡಿದವರು ಅವುಗಳಿಗೆ ಪ್ರೌಢತೆ, ಅಧಿಕಾರ, ಗಂಡುತನ ಮೊದಲಾದ ಗುಣಗಳನ್ನು ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಆರೋಪಿಸಿದರೆಂಬುದು ಕಂಡುಬಂದಿತು. ಮುಂದೆ 2012ರಲ್ಲಿ ಆಸ್ಟ್ರಿಯಾ ಮತ್ತು ಇಥಿಯೋಪಿಯಾಗಳ ಜನರನ್ನು ಹೋಲಿಸಿ ನೋಡಿದಾಗಲೂ ಇಂಥದೇ ಸಾಮ್ಯ ತೋರಿತು. ಹೀಗಿರುವಾಗ ಕಾರಿನಲ್ಲಿ ಮುಖವನ್ನು ಕಾಣುವುದು ತಪ್ಪೆನ್ನಲಾಗದು. ಆದರೆ ಆ ಮುಖಕ್ಕೂ ಅದರ ಹಿಂದಿರುವ ದೇಹಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಬೇರೆ. ಕಾರಿನಲ್ಲಿ ಮುಖ ದೇಹದ ಮಾನವಲ್ಲ. ಬಹಳ ಬೇಗ ಅದು ದೇಹದಿಂದ ಬೇರ್ಪಟ್ಟು, ಬೇಕೆಂದಾಗ ಬದಲಿಸಬಹುದಾದ ಮುಖವಾಡವಾಯಿತು. ಭಾರತದ ರಸ್ತೆಗಳಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಓಡಿದ ಅಂಬಾಸಡರ್ ಈ ಬೇರ್ಪಡುವಿಕೆಗೆ ಅತ್ಯಂತ ಸ್ಪಷ್ಟ ನಿದರ್ಶನ. ಆ ನಿದರ್ಶನವನ್ನು ಕೇಂದ್ರವಾಗಿರಿಸಿಕೊಂಡು ಕಾರಿನ ಮುಂಭಾಗವನ್ನು ವಿಮರ್ಶಿಸುವ ಮಾನದಂಡ ಯಾವುದಾಗಬೇಕು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲ ಕಾರಿಗೆ ಮುಖವೇ ಇರಲಿಲ್ಲ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ವಾಹನದಲ್ಲಿ ಎಂಜಿನ್ ಇದ್ದುದು ಆಸನದ ಹಿಂಬದಿಯಲ್ಲಿ. ಮುಂದೆ ಇದ್ದುದು ಒಂದು ಚಕ್ರ ಮತ್ತು ಅದನ್ನು ತಿರುಗಿಸುವ ಹಿಡಿ ಮಾತ್ರ. ಫ್ರಾನ್ಸಿನ ಪನಾರ್ ಮತ್ತು ಲೆವಾಸೊರ್ ಸಂಸ್ಥೆ 1891ರಲ್ಲಿ ಎಂಜಿನನ್ನು ಮುಂದಕ್ಕೆ ತಂದು, ಹಿಂದಿನ ಚಕ್ರಗಳಿಗೆ ಚಲನೆಯನ್ನು ಒದಗಿಸುವ ವ್ಯವಸ್ಥೆಯನ್ನು ರೂಪಿಸಿತು. ಎಂಜಿನ್ ಮುಂದೆ ಬಂದ ಮೇಲೆ ಅದನ್ನು ಮುಚ್ಚುವ ಪೆಟ್ಟಿಗೆ, ಅಂದರೆ ಬಾನೆಟ್, ಅಗತ್ಯವಾಯಿತು. ವಿಲ್ಹೆಲ್ಮ್ ಮೈಬಾಕ್ ರೂಪಿಸಿದ, 1901ರಲ್ಲಿ ಬಳಕೆಗೆ ಬಂದ ಮರ್ಸಿಡಿಸ್ ಕಾರಿನಲ್ಲಿ ಜೇನುಗೂಡಿನಂಥ ರೇಡಿಯೇಟರು ಆ ಪೆಟ್ಟಿಗೆಯ ಮುಂಗಡೆಯಲ್ಲಿ ನೆಟ್ಟಗೆ ನಿಂತಿತು. ಸಣ್ಣ ಸಣ್ಣ ಚೌಕನೆಯ ಸಹಸ್ರಾರು ಕೊಳವೆಗಳ ಮೂಲಕ ಗಾಳಿ ಹಾಯ್ದು ನೀರನ್ನು ತಂಪಾಗಿಸುವ ಈ ಸಾಧನವೇ ಕಾರಿನ ಮೊದಲ ಮುಖ. ಅದು ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಯಂತ್ರದ ಉಸಿರಾಟಕ್ಕಾಗಿ ಹುಟ್ಟಿದ್ದು.

ಆದರೆ ಉಪಯುಕ್ತವಾದ ಈ ಭಾಗ ಬಹುಬೇಗ ವಂಶದ ಲಾಂಛನವಾಯಿತು. ರೋಲ್ಸ್ ರಾಯ್ಸ್ ತನ್ನ ರೇಡಿಯೇಟರಿಗೆ ಗ್ರೀಕ್ ದೇವಾಲಯದ ಮುಂಭಾಗದ ರೂಪವನ್ನು ನೀಡಿತು: ಸಾಲುಗಂಬಗಳು, ಮೇಲೆ ತ್ರಿಕೋನಾಕಾರದ ಮುಕುಟ. ದೂರದಿಂದ ನೆಟ್ಟಗೆ ಕಾಣಲೆಂದು ಅದರ ರೇಖೆಗಳನ್ನು ಗ್ರೀಕ್ ಕಂಬಗಳಂತೆಯೇ ಅತಿ ಸೂಕ್ಷ್ಮವಾಗಿ ಬಾಗಿಸುವ ಕ್ರಮವೂ ಬಂದಿತು. ಬುಗಾಟಿ ಕುದುರೆ ಲಾಳದ ಆಕಾರವನ್ನು ಆಯ್ದುಕೊಂಡಿತು. ಬಿ.ಎಂ.ಡಬ್ಲ್ಯು. 1933ರ 303 ಮಾದರಿಯಲ್ಲಿ ಜೋಡಿ ಮೂತ್ರಪಿಂಡಗಳಂತೆ ತೋರುವ ಎರಡು ಕಿಂಡಿಗಳನ್ನು ಇಟ್ಟಿತು. ಇಲ್ಲಿಯವರೆಗೆ ಮುಖಕ್ಕೂ ಯಂತ್ರಕ್ಕೂ ಸಂಬಂಧ ಪೂರ್ತಿ ಕಡಿದಿರಲಿಲ್ಲ. ಆದರೆ ಇದೇ ದಶಕದಲ್ಲಿ ನಿಜವಾದ ರೇಡಿಯೇಟರು ತಗಡಿನ ಒಳಗೆ ಸರಿಯಿತು. ಹೊರಗೆ ಉಳಿದದ್ದು ಅದರ ಮುಂದೆ ಕೂರಿಸಿದ ಜಾಲರಿ. ರೇಡಿಯೇಟರಿನ ಗಾತ್ರ ಎಂಜಿನ್ನಿನ ಬಿಸಿಯನ್ನು ಅವಲಂಬಿಸಿದರೆ, ಜಾಲರಿಯ ಗಾತ್ರ ವಿನ್ಯಾಸಕಾರನ ಇಚ್ಛೆಯನ್ನು ಅವಲಂಬಿಸಿತು. ಜನರಲ್ ಮೋಟಾರ್ಸ್ 1927ರಲ್ಲಿ ಹಾರ್ಲಿ ಅರ್ಲ್ ನೇತೃತ್ವದಲ್ಲಿ ಕಲೆ ಮತ್ತು ಬಣ್ಣಕ್ಕೆಂದೇ ಪ್ರತ್ಯೇಕ ವಿಭಾಗವನ್ನು ತೆರೆದುದನ್ನೂ ಇಲ್ಲಿ ನೆನೆಯಬೇಕು. ಯಂತ್ರದ ಒಡಲನ್ನು ರೂಪಿಸುವವರು ಬೇರೆ, ಅದರ ಮುಖವನ್ನು ತಿದ್ದುವವರು ಬೇರೆ ಎಂಬ ಶ್ರಮವಿಭಜನೆ ಅಲ್ಲಿಂದ ಮುಂದೆ ಬೇರೂರಿತು.

3

ಮುಖ ಮಾನವಾಗದಿದ್ದರೆ ಕಾರಿನ ತಾಲ ಯಾವುದು? ವಿನ್ಯಾಸಕಾರರ ರೂಢಿಯೇ ಇದಕ್ಕೆ ಉತ್ತರ ನೀಡುತ್ತದೆ. ಅವರು ಕಾರನ್ನು ಮೊದಲು ಪಕ್ಕದಿಂದ ಬರೆಯುತ್ತಾರೆ. ಎರಡು ಚಕ್ರಗಳನ್ನು ಇಟ್ಟು, ಅವುಗಳ ನಡುವೆ ಅಂಥ ಎಷ್ಟು ಚಕ್ರಗಳು ಹಿಡಿಯುತ್ತವೆ, ಚಾವಣಿ ಎಷ್ಟು ಚಕ್ರಗಳ ಎತ್ತರದಲ್ಲಿದೆ ಎಂದು ಎಣಿಸುತ್ತಾರೆ. ಚಕ್ರವೇ ಅವರ ತಾಲ. ಇದರ ಜೊತೆಗೆ ಮೂರು ಅಳತೆಗಳು ಮುಖ್ಯ: ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರವಾದ ವೀಲ್‌ಬೇಸ್, ಮುಂದಿನ ಅಚ್ಚಿನಿಂದ ಬಂಪರಿನ ತುದಿಯವರೆಗಿನ ಮುಂಚಾಚು, ಮುಂದಿನ ಅಚ್ಚಿನಿಂದ ಗಾಜಿನ ಬುಡದವರೆಗಿನ ದೂರ. ಕಾರಿನ ಮುಂಭಾಗವೆಂದರೆ ಎದುರಿನಿಂದ ಕಾಣುವ ಚಪ್ಪಟೆಯಾದ ಚಿತ್ರವಲ್ಲ. ಈ ಮೂರು ಅಳತೆಗಳು ಕೂಡಿ ರಚಿಸುವ ಒಂದು ಘನಾಕೃತಿ. ಎಂಜಿನ್ ಎಲ್ಲಿದೆ, ಅದು ಉದ್ದಕ್ಕೆ ಕುಳಿತಿದೆಯೋ ಅಡ್ಡಲಾಗಿ ಕುಳಿತಿದೆಯೋ, ಯಾವ ಚಕ್ರಗಳನ್ನು ಓಡಿಸುತ್ತದೆ ಎಂಬ ಸಂಗತಿಗಳೇ ಈ ಆಕೃತಿಯನ್ನು ನಿರ್ಧರಿಸುತ್ತವೆ.

ಮಾನಕ್ಕೂ ಮುಖಕ್ಕೂ ನಡೆದ ಸಂಘರ್ಷಕ್ಕೆ ಅಮೆರಿಕದ ಕ್ರೈಸ್ಲರ್ ಏರ್‌ಫ್ಲೋ ಉತ್ತಮ ಉದಾಹರಣೆ. ಗಾಳಿಸುರಂಗದ ಪ್ರಯೋಗಗಳಿಂದ ರೂಪುಗೊಂಡು 1934ರಲ್ಲಿ ಬಂದ ಈ ಕಾರಿನಲ್ಲಿ ಎಂಜಿನನ್ನು ಮುಂದಿನ ಅಚ್ಚಿನ ಮೇಲಕ್ಕೆ ಸರಿಸಿ, ಪ್ರಯಾಣಿಕರನ್ನು ಎರಡು ಅಚ್ಚುಗಳ ನಡುವೆ ಕೂರಿಸಲಾಯಿತು. ಹಿಂದಿನ ಆಸನದವರು ಅಚ್ಚಿನ ಮೇಲೆ ಕುಳಿತು ಕುಲುಕಾಡುವ ಹಳೆಯ ತೊಂದರೆ ಇದರಿಂದ ತಪ್ಪಿತು. ಮಾನದ ದೃಷ್ಟಿಯಿಂದ ಅದು ತನ್ನ ಕಾಲಕ್ಕಿಂತ ಮುಂದಿತ್ತು. ಆದರೆ ಜಲಪಾತದಂತೆ ಕೆಳಗಿಳಿಯುವ ಅದರ ದುಂಡನೆಯ ಮುಂಭಾಗ ಕೊಳ್ಳುವವರಿಗೆ ಹಿಡಿಸಲಿಲ್ಲ. ಮರುವರ್ಷವೇ ಮೊನೆಯುಳ್ಳ ರೂಢಿಯ ಗ್ರಿಲ್ ಒಂದನ್ನು ಅಂಟಿಸಿದರೂ ಫಲವಾಗದೆ 1937ರಲ್ಲಿ ಅದು ನಿಂತುಹೋಯಿತು. ಇದಕ್ಕೆ ಪ್ರತಿಯಾಗಿ 1955ರ ಸಿತ್ರೊಯೆನ್ ಡಿ.ಎಸ್. ಮುಖವನ್ನೇ ನಿರಾಕರಿಸಿ ಗೆದ್ದಿತು. ಫ್ಲಾಮಿನಿಯೊ ಬೆರ್ತೋನಿ ರೂಪಿಸಿದ ಈ ಕಾರಿಗೆ ಗಾಳಿ ಬಂಪರಿನ ಕೆಳಗಿನಿಂದ ಹೋಗುತ್ತದೆ. ಎದುರಿಗೆ ಬಾಯಿ ಇಲ್ಲ. ಮುಂದಿನ ಚಕ್ರಗಳ ನಡುವಣ ಅಗಲ 1500 ಮಿ.ಮೀ., ಹಿಂದಿನವುಗಳದು 1300 ಮಿ.ಮೀ.; ಆದ್ದರಿಂದ ಇಡೀ ದೇಹ ನೀರಹನಿಯಂತೆ ಹಿಂದಕ್ಕೆ ಕಿರಿದಾಗುತ್ತದೆ. ರೋಲಾ ಬಾರ್ತ್ ಈ ಕಾರನ್ನು ಕುರಿತು ಬರೆದಾಗ ಮೋಟಾರು ಕಾರುಗಳನ್ನು ಮಧ್ಯಯುಗದ ಗಾಥಿಕ್ ಇಗರ್ಜಿಗಳಿಗೆ ಹೋಲಿಸಿದುದು ಪ್ರಸಿದ್ಧವಾಗಿದೆ. ಡಿ.ಎಸ್.ನ ಮುಂಭಾಗವನ್ನು ವರ್ಣಿಸಬೇಕಾದರೆ ಕಣ್ಣು, ಬಾಯಿಗಳ ಉಪಮೆ ಸಾಲದು, ದೇಹದ ಮಾನವನ್ನೇ ಹೇಳಬೇಕಾಗುತ್ತದೆ. ಅದರ ವಿಶೇಷ ಇರುವುದು ಇಲ್ಲಿಯೇ.

4

ಈ ಹಿನ್ನೆಲೆಯಲ್ಲಿ ಅಂಬಾಸಡರನ್ನು ಪರಿಶೀಲಿಸಬಹುದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಆಧರಿಸಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ 1957ರಲ್ಲಿ ಇದನ್ನು ಹೊರತಂದಿತು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಇದರ ಉದ್ದ ಸುಮಾರು 4325 ಮಿ.ಮೀ., ವೀಲ್‌ಬೇಸ್ 2464 ಮಿ.ಮೀ., ಎತ್ತರ ಸುಮಾರು 1593 ಮಿ.ಮೀ. ಹದಿನೈದು ಇಂಚಿನ ರಿಮ್ಮಿಗೆ ತೊಡಿಸಿದ ಇದರ ಟೈರಿನ ವ್ಯಾಸವನ್ನು ಸುಮಾರು 650 ಮಿ.ಮೀ. ಎಂದು ಹಿಡಿದರೆ, ಎರಡು ಚಕ್ರಗಳ ನಡುವೆ ಮೂರಕ್ಕಿಂತ ಸ್ವಲ್ಪ ಕಡಿಮೆ ಚಕ್ರಗಳು ಹಿಡಿಯುತ್ತವೆ. ಎತ್ತರ ಸುಮಾರು ಎರಡೂವರೆ ಚಕ್ರ. ವೀಲ್‌ಬೇಸ್ ಒಟ್ಟು ಉದ್ದದ ಶೇಕಡಾ 57 ಮಾತ್ರ. ಉಳಿದದ್ದು ಬಂಪರು, ಬಾನೆಟ್ಟಿನ ಮೂತಿ ಹಾಗೂ ಡಿಕ್ಕಿಯ ಚಾಚುಗಳಿಗೆ ಸಂದಿದೆ.

ಈ ಅಂಕಿಗಳು ಒಂದು ಸುಸಂಗತವಾದ ರೂಪವನ್ನು ಸೂಚಿಸುತ್ತವೆ. ದೊಡ್ಡ ಚಕ್ರ, ಎತ್ತರದ ಚಾವಣಿ, ಗುಮ್ಮಟದಂತೆ ಉಬ್ಬಿದ ಬಾನೆಟ್, ಅದರ ಇಕ್ಕೆಲಗಳಲ್ಲಿ ಹೆಗಲುಗಳಂತೆ ಎದ್ದು ನಿಂತ ಮಡ್ಗಾರ್ಡುಗಳು, ಅವುಗಳ ತುದಿಯಲ್ಲಿ ದುಂಡನೆಯ ದೀಪಗಳು: ಇವೆಲ್ಲ ಒಂದೇ ವಕ್ರರೇಖೆಯ ಕುಟುಂಬಕ್ಕೆ ಸೇರಿದವು. ಪೇಟ, ಟೋಪಿ ಧರಿಸಿದವರೂ ತಲೆ ಬಾಗಿಸದೆ ಕೂರಬಹುದಾದ ಈ ಎತ್ತರವೇ ಅದಕ್ಕೆ ಸಚಿವಾಲಯದ ಗಾಂಭೀರ್ಯವನ್ನೂ ಬಾಡಿಗೆ ಕಾರಿನ ಉಪಯುಕ್ತತೆಯನ್ನೂ ಒಟ್ಟಿಗೆ ತಂದಿತು. ವಿಧಾನಸೌಧದ ಮೆಟ್ಟಿಲುಗಳ ಮುಂದೆ ನಿಂತ ಬಿಳಿಯ ಅಂಬಾಸಡರನ್ನು ನೋಡಿದವರಿಗೆ ಆ ಗಾಂಭೀರ್ಯ ಗ್ರಿಲ್ಲಿನಿಂದ ಬಂದುದಲ್ಲವೆಂಬುದು ತಿಳಿಯುತ್ತದೆ.

ಆದರೆ ಸಂಸ್ಥೆ ತನ್ನ ಕಾರನ್ನು ‘ಹೊಸದು’ ಎಂದು ತೋರಿಸಬೇಕಾದಾಗಲೆಲ್ಲ ಮುಖ್ಯವಾಗಿ ಕೈಯಿಟ್ಟದ್ದು ಗ್ರಿಲ್ಲಿನ ಮೇಲೆಯೇ. ಅರವತ್ತರ ದಶಕದ ಮೊದಲಲ್ಲಿ ಬಂದ ಮಾರ್ಕ್ 2ರಲ್ಲಿ ಒತ್ತೊತ್ತಾದ ಚೌಕುಳಿಯ ಜಾಲರಿ. 1975ರ ಮಾರ್ಕ್ 3ರಲ್ಲಿ ಅಡ್ಡಪಟ್ಟಿಗಳು. 1979ರ ಮಾರ್ಕ್ 4ರಲ್ಲಿ ಚಿಕ್ಕದಾದ, ದೊಡ್ಡ ಚೌಕುಳಿಗಳ ಜಾಲರಿ ಹಾಗೂ ದುಂಡು ಹೆಡ್‌ಲೈಟುಗಳ ಕೆಳಗೆ ಚೌಕನೆಯ ದೀಪಗಳು. ಮುಂದೆ 1990ರಲ್ಲಿ ನೋವಾ, 2003ರಲ್ಲಿ ಗ್ರ್ಯಾಂಡ್, 2004ರಲ್ಲಿ ಮುಂಭಾಗವನ್ನು ಹಳೆಯ ಕಾಲದ ಚಹರೆಗೆ ಹತ್ತಿರ ತಂದ ಅವಿಗೋ. ಒಳಗೆ ಎಂಜಿನ್ನುಗಳು ಬದಲಾದವು, ಡೀಸೆಲ್ ಬಂದಿತು, ಇಸುಜು ಎಂಜಿನ್ ಬಂದಿತು. ಆದರೆ ಬಾಗಿಲು, ಚಾವಣಿ, ಕಿಟಕಿ, ಚಕ್ರಗಳ ಸ್ಥಾನ ಇವು ಮೂಲದಲ್ಲಿ ಇದ್ದಂತೆಯೇ ಇದ್ದವು.

ಇದಕ್ಕೆ ಕಾರಣವನ್ನು ಅಭಿರುಚಿಯಲ್ಲಿ ಮಾತ್ರ ಹುಡುಕಬಾರದು. ಬಾಗಿಲು ಇಲ್ಲವೆ ಚಾವಣಿಯ ರೂಪವನ್ನು ಬದಲಿಸಬೇಕಾದರೆ ಉಕ್ಕಿನ ತಗಡನ್ನು ಒತ್ತುವ ಭಾರಿ ಅಚ್ಚುಗಳನ್ನೇ ಹೊಸದಾಗಿ ಮಾಡಿಸಬೇಕು; ಅದು ಬಹು ವೆಚ್ಚದ ಕೆಲಸ. ಗ್ರಿಲ್ ಮಾತ್ರ ಬೋಲ್ಟುಗಳಿಂದ ಕೂರಿಸುವ ಬಿಡಿಭಾಗ. ಲೈಸೆನ್ಸ್ ವ್ಯವಸ್ಥೆಯ ಕಾಲದಲ್ಲಿ ಕಾರಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಗ್ರಾಹಕರಿದ್ದಾಗ ಆ ವೆಚ್ಚ ಮಾಡುವ ಒತ್ತಡ ತಯಾರಕರಿಗೆ ಇರಲಿಲ್ಲ. 1993ರಲ್ಲಿ ಕಾರು ಉದ್ಯಮ ಪರವಾನಗಿಯ ಹಿಡಿತದಿಂದ ಹೊರಬರುವ ಹೊತ್ತಿಗೆ ಆ ಒತ್ತಡ ಬಂದರೂ ಸಾಮರ್ಥ್ಯ ಕುಂದಿತ್ತು. ಹೀಗಾಗಿ ಅತಿ ಅಗ್ಗದ ಭಾಗವೇ ಕಾಲದ ಗುರುತಾಯಿತು. ಅಂಬಾಸಡರಿನ ವಯಸ್ಸನ್ನು ಹೇಳಬೇಕಾದವರು ಇಂದಿಗೂ ಮೊದಲು ನೋಡುವುದು ಜಾಲರಿಯನ್ನೇ.

ಇದರಲ್ಲಿ ಕಲಾತ್ಮಕವಾಗಿ ನಷ್ಟವಾದದ್ದು ಏನು? ಮಾರಿಸ್ ವಂಶದ ಇನ್ನೊಂದು ಕಾರಿನೊಡನೆ ಹೋಲಿಸಿದರೆ ಅದು ಸ್ಪಷ್ಟವಾಗುತ್ತದೆ. ಮಾರಿಸ್ ಮೈನರ್ 1948ರಲ್ಲಿ ಪ್ರದರ್ಶನಕ್ಕೆ ಬರುವ ಮುನ್ನ ಅದರ ಶಿಲ್ಪಿ ಅಲೆಕ್ ಇಸಿಗೊನಿಸ್‌ಗೆ ಕಾರು ಎತ್ತರಕ್ಕೆ ತಕ್ಕ ಅಗಲವಿಲ್ಲದೆ ಸೊರಗಿದೆ ಎನಿಸಿತು. ಆತ ಮಾದರಿಯನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸುತ್ತ ನೋಡಿ, ನಾಲ್ಕು ಇಂಚು ಅಗಲವಾದಾಗ ಮಾನ ಸರಿಹೋಯಿತೆಂದು ನಿರ್ಧರಿಸಿದ. ಆ ನಾಲ್ಕು ಇಂಚಿನ ಪಟ್ಟಿ ಮೈನರ್‌ನ ಬಾನೆಟ್ಟಿನ ನಡುವೆ ಕೊನೆಯವರೆಗೂ ಸಮತಟ್ಟಾದ ಗುರುತಾಗಿ ಉಳಿಯಿತು. ಇಲ್ಲಿ ಮುಂಭಾಗದ ಮೇಲೆ ಕಾಣುವ ಚಿಹ್ನೆ ದೇಹದ ತಿದ್ದುಪಡಿಯ ಸಾಕ್ಷಿ. ಅಂಬಾಸಡರಿನ ಜಾಲರಿಗಳು ಯಾವ ತಿದ್ದುಪಡಿಯ ಸಾಕ್ಷಿಯೂ ಅಲ್ಲ. ಅವುಗಳಲ್ಲಿ ಕೆಲವು ಹಳೆಯ ದೇಹಕ್ಕೆ ಹೊಂದಿಕೊಂಡವು, ಕೆಲವು ಹೊಂದಲಿಲ್ಲ. ಮಾರ್ಕ್ 3ರ ಅಡ್ಡಪಟ್ಟಿಗಳು ಅಗಲವಾದ ದೇಹವನ್ನು ಒಂದು ಮಟ್ಟದಲ್ಲಿ ಕಟ್ಟಿ ನಿಲ್ಲಿಸುತ್ತವೆ. ಮಾರ್ಕ್ 4ರಲ್ಲಿಯಾದರೋ ಜಾಲರಿ ಕುಗ್ಗಿ, ಅದರ ಸುತ್ತ ಬರಿದಾದ ತಗಡು ಹೆಚ್ಚಿ, ದುಂಡನೆಯ ಉಬ್ಬುಗಳ ನಡುವೆ ಚೌಕನೆಯ ದೀಪಗಳು ಹೊರಗಿನಿಂದ ಬಂದ ಅತಿಥಿಗಳಂತೆ ನಿಂತಿವೆ. ಇಷ್ಟಾದರೂ ಜನ ಆ ಕಾರನ್ನು ಒಪ್ಪಿಕೊಂಡರೆಂದರೆ ಅದಕ್ಕೆ ಕಾರಣ ಮುಖದ ಹಿಂದೆ ಅಚಲವಾಗಿದ್ದ ಮಾನವೇ.

5

ಅಂಬಾಸಡರಿನ ಆಧಿಪತ್ಯವನ್ನು ಕೊನೆಗಾಣಿಸಿದ್ದು ಹೊಸ ಮುಖವಲ್ಲ, ಹೊಸ ಮಾನ ಎಂಬುದು ಈ ವಾದಕ್ಕೆ ಪುಷ್ಟಿ ನೀಡುತ್ತದೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ಓಡಿಸುತ್ತಿತ್ತು. ಇದೇ ಇಸಿಗೊನಿಸ್ 1959ರ ಮಿನಿಯಲ್ಲಿ ಜನಪ್ರಿಯಗೊಳಿಸಿದ ವ್ಯವಸ್ಥೆಯ ವಂಶದ್ದು ಇದು. 1986ರಲ್ಲಿ ಬಂದ ಮಾರುತಿಯ ಎರಡನೆಯ ರೂಪದ ಉದ್ದ ಸುಮಾರು 3.3 ಮೀಟರು, ವೀಲ್‌ಬೇಸ್ 2175 ಮಿ.ಮೀ.; ಅಂದರೆ ಉದ್ದದ ಸುಮಾರು ಶೇಕಡಾ 65. ಹನ್ನೆರಡು ಇಂಚಿನ ಚಿಕ್ಕ ಚಕ್ರಗಳು ಮೂಲೆಗಳಿಗೆ ಸರಿದವು. ಅವುಗಳ ನಡುವೆ ಮೂರಕ್ಕಿಂತ ಹೆಚ್ಚು ಚಕ್ರಗಳಿಗೆ ಎಡೆಯಾಯಿತು. ಚೌಕನೆಯ ದೀಪ, ತೆಳುವಾದ ಗ್ರಿಲ್ ಇದ್ದ ಅದರ ಮುಂಭಾಗ ಯಾವ ಆಡಂಬರವನ್ನೂ ಮಾಡಲಿಲ್ಲ. 1997ರಲ್ಲಿ ಅದನ್ನು ದುಂಡಗೆ ತಿದ್ದಿದಾಗಲೂ ಕಾರಿನ ಗುಣ ಬದಲಾಗಲಿಲ್ಲ.

ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಈ ಚರ್ಚೆಗೆ ಕರ್ನಾಟಕ ನೀಡಿದ ಗಮನಾರ್ಹ ಕೊಡುಗೆ. ವಿದ್ಯುಚ್ಚಾಲಿತವಾದ ಈ ಕಾರಿನ ಉದ್ದ 2638 ಮಿ.ಮೀ., ಎತ್ತರ ಸುಮಾರು 1510 ಮಿ.ಮೀ. ಮುಂದೆ ಎಂಜಿನ್ ಇಲ್ಲದ್ದರಿಂದ ದೊಡ್ಡ ಬಾಯಿಯ ಅಗತ್ಯವಿರಲಿಲ್ಲ. ಬ್ಯಾಟರಿಗಳು ಮುಂದಿನ ಆಸನಗಳ ಕೆಳಗಿದ್ದವು. ಉದ್ದಕ್ಕೆ ಹೋಲಿಸಿದರೆ ಅತಿಯಾದ ಎತ್ತರದಿಂದಾಗಿ ಅದು ಆಟಿಕೆಯಂತೆ ತೋರಿ ಕೆಲವರ ಪರಿಹಾಸಕ್ಕೆ ಗುರಿಯಾಯಿತೆಂಬುದು ನಿಜ. ಆದರೆ ಅದರ ಮುಂಭಾಗ ಇಲ್ಲದುದನ್ನು ಇದೆಯೆಂದು ಹೇಳಲಿಲ್ಲ. ಅದರ ದೋಷ ಮಾನದ್ದು, ಮುಖದ್ದಲ್ಲ.

ಟಾಟಾ ನ್ಯಾನೊದ ಕಥೆ ಇನ್ನೂ ಬೋಧಪ್ರದವಾಗಿದೆ. 2008ರ ಜನವರಿಯಲ್ಲಿ ಪ್ರದರ್ಶಿತವಾಗಿ ಮರುವರ್ಷ ಮಾರಾಟಕ್ಕೆ ಬಂದ ಇದರ ಉದ್ದ 3099 ಮಿ.ಮೀ., ವೀಲ್‌ಬೇಸ್ 2230 ಮಿ.ಮೀ.; ಉದ್ದದ ಶೇಕಡಾ 72ರಷ್ಟು ಅಚ್ಚುಗಳ ನಡುವಿನದೇ. ಎರಡು ಸಿಲಿಂಡರಿನ ಎಂಜಿನ್ ಹಿಂದಿತ್ತು. ಮುಂದಿನ ಬಾನೆಟ್ಟಿನ ಕೆಳಗೆ ಇದ್ದುದು ಸ್ಟೆಪ್ನಿ ಹಾಗೂ ಪೆಟ್ರೋಲ್ ತುಂಬುವ ಬಾಯಿ. ಎಂಜಿನ್ನಿಗೆ ಗಾಳಿ ಹೋಗುತ್ತಿದ್ದುದು ಹಿಂದಿನ ಚಕ್ರಗಳ ಮುಂದೆ, ಪಕ್ಕದಲ್ಲಿದ್ದ ಕಿಂಡಿಗಳಿಂದ. ಮುಂಭಾಗ ಬಹುಮಟ್ಟಿಗೆ ಮುಚ್ಚಿದ, ಸರಳವಾದ ಇಳಿಜಾರು. ಮಾನವೂ ಮುಖವೂ ಇಲ್ಲಿ ಒಂದೇ ಮಾತನ್ನು ಹೇಳುತ್ತಿದ್ದವು. ಆದರೆ ಅಗ್ಗದ ಕಾರೆಂಬ ಹಣೆಪಟ್ಟಿಯಿಂದ ಬಿಡಿಸಲು 2015ರ ಜೆನ್‌ಎಕ್ಸ್ ಮಾದರಿಯಲ್ಲಿ ಅದಕ್ಕೆ ನಗುಬಾಯಿಯಂಥ ಜಾಲರಿಯನ್ನು ತೊಡಿಸಲಾಯಿತು. ಎಂಜಿನ್ ಆಗಲೂ ಹಿಂದೆಯೇ ಇತ್ತು. ಆ ನಗು ಕಾರನ್ನು ಉಳಿಸಲಿಲ್ಲ. 2018ರ ವೇಳೆಗೆ ತಯಾರಿಕೆ ವಸ್ತುತಃ ನಿಂತಿತು. ಅಂಬಾಸಡರಿನಲ್ಲಿ ಮುಖ ದೇಹದ ಹಳಮೆಯನ್ನು ಮರೆಸಲು ಬಳಕೆಯಾದರೆ, ನ್ಯಾನೊದಲ್ಲಿ ಅದು ದೇಹದ ಪ್ರಾಮಾಣಿಕತೆಯನ್ನೇ ಮರೆಸಲು ಬಳಕೆಯಾಯಿತು.

6

ವಿದ್ಯುತ್ ಕಾರುಗಳ ಈ ಕಾಲದಲ್ಲಿ ಪ್ರಶ್ನೆ ಇನ್ನಷ್ಟು ತೀವ್ರವಾಗಿದೆ. ಇವುಗಳಿಗೂ ತಂಪು ಬೇಕು. ಆದರೆ ಅದಕ್ಕೆ ಸಣ್ಣ ಕಿಂಡಿ ಸಾಕು. ಟೆಸ್ಲಾ 2012ರಲ್ಲಿ ಮಾಡೆಲ್ ಎಸ್ ಕಾರಿಗೆ ಕಪ್ಪು ಮೂಗೊಂದನ್ನು ಇಟ್ಟು, 2016ರಲ್ಲಿ ಅದನ್ನು ತೆಗೆದುಹಾಕಿತು. ಬಿ.ಎಂ.ಡಬ್ಲ್ಯು. ಇದಕ್ಕೆ ವಿರುದ್ಧವಾಗಿ ಐಎಕ್ಸ್ ಎಂಬ ವಿದ್ಯುತ್ ಕಾರಿನಲ್ಲಿ ಜೋಡಿ ಕಿಂಡಿಗಳನ್ನು ಹಿಂದಿಗಿಂತ ದೊಡ್ಡದಾಗಿಸಿ, ಮುಚ್ಚಿ, ಅವುಗಳ ಹಿಂದೆ ಕ್ಯಾಮೆರಾ, ರೇಡಾರುಗಳನ್ನು ಅಡಗಿಸಿತು. ಉಸಿರಾಟದ ಅಂಗ ಈಗ ನೋಟದ ಅಂಗವಾಗಿದೆ. ಲಾಂಛನಕ್ಕೆ ಹೊಸ ಕೆಲಸವೊಂದು ದೊರೆತಿದೆ. ಇದನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ. ಆದರೆ ಕಲ್ಲಿನ ದೇವಾಲಯಗಳೂ ಮರದ ತೊಲೆ, ಜಂತೆಗಳ ರೂಪವನ್ನು ಉಳಿಸಿಕೊಂಡಿವೆ ಎಂಬುದನ್ನು ಬಲ್ಲವರು, ಕೆಲಸ ಮುಗಿದ ಮೇಲೂ ರೂಪ ಉಳಿಯುವುದನ್ನು ದೋಷವೆಂದೇ ಎಣಿಸಲಾರರು. ಉಳಿದ ರೂಪ ದೇಹದೊಡನೆ ಹೊಂದುತ್ತದೆಯೇ, ಅದು ಯಾರಿಗಾದರೂ ಕೇಡು ಮಾಡುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ.

ಕೇಡಿನ ಮಾತು ಅಲಂಕಾರಿಕವಲ್ಲ. ಕಾರಿನ ಮುಖವನ್ನು ಅತಿ ಹತ್ತಿರದಿಂದ ಎದುರಿಸುವವರು ಅದನ್ನು ಕೊಂಡವರಲ್ಲ, ರಸ್ತೆ ದಾಟುವವರು. ಎದುರಿನವರಲ್ಲಿ ಅಧಿಕಾರದ ಭಾವನೆ ಮೂಡಿಸಲೆಂದು ಮುಂಭಾಗವನ್ನು ಎತ್ತರಿಸಿ, ನೆಟ್ಟಗೆ ನಿಲ್ಲಿಸುವ ರೂಢಿ ಇತ್ತೀಚಿನ ಎಸ್.ಯು.ವಿ.ಗಳಲ್ಲಿ ವ್ಯಾಪಕವಾಗಿದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 40 ಇಂಚಿಗಿಂತ ಎತ್ತರದ ಬಾನೆಟ್ ಇರುವ ವಾಹನಗಳು ಪಾದಚಾರಿಗೆ ಬಡಿದಾಗ ಸಾವು ಸಂಭವಿಸುವ ಸಾಧ್ಯತೆ, 30 ಇಂಚು ಅಥವಾ ಕಡಿಮೆ ಎತ್ತರದ ಇಳಿಜಾರಾದ ಬಾನೆಟ್ಟಿನ ವಾಹನಗಳಿಗಿಂತ ಸುಮಾರು ಶೇಕಡಾ 45ರಷ್ಟು ಹೆಚ್ಚು. ಐರೋಪ್ಯ ಒಕ್ಕೂಟ 2003ರಲ್ಲಿಯೇ ಪಾದಚಾರಿಗಳ ರಕ್ಷಣೆಗಾಗಿ ಮುಂಭಾಗದ ರಚನೆಗೆ ನಿಯಮಗಳನ್ನು ವಿಧಿಸಿತು. ಭಾರತದಲ್ಲಿ ಬಂಪರಿನ ಮುಂದೆ ಉಕ್ಕಿನ ಕೊಳವೆಗಳ ‘ಬುಲ್ ಬಾರ್’ ಬಿಗಿಸುವ ಹವ್ಯಾಸವನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ನಿಷಿದ್ಧವೆಂದು ಸಾರಬೇಕಾಯಿತು. ತಯಾರಕನು ಕೊಟ್ಟ ಮುಖದ ಮೇಲೆ ಮಾಲೀಕನು ತೊಡಿಸಿದ ಇನ್ನೊಂದು ಮುಖವಾಡ ಅದು. ಎಡವಿ ಬೀಳುವವನ ಎದೆಯ ಎತ್ತರದಲ್ಲಿ ನಿಂತ ಅಲಂಕಾರವನ್ನು ಸೌಂದರ್ಯದ ಮಾತಿನಲ್ಲಿ ಮಾತ್ರ ಅಳೆಯುವುದು ವಿಮರ್ಶೆಯ ಕರ್ತವ್ಯಲೋಪವಾಗುತ್ತದೆ.

7

ಒಟ್ಟಾರೆಯಾಗಿ, ಕಾರಿನ ಮುಂಭಾಗವನ್ನು ವಿವರಿಸುವ ಭಾಷೆ ಮುಖದ ಉಪಮೆಯಿಂದ ಆರಂಭವಾಗಬಹುದು, ಅಲ್ಲಿಯೇ ನಿಲ್ಲಬಾರದು. ‘ಗಂಭೀರ ನೋಟ’, ‘ಆಕ್ರಮಣಶೀಲ ಮುಖ’ ಮುಂತಾದ ಮಾತುಗಳು ಜಾಹೀರಾತಿಗೆ ಸಲ್ಲುತ್ತವೆ. ವಿಮರ್ಶೆ ಕೇಳಬೇಕಾದದ್ದು ಇಷ್ಟು: ಚಕ್ರದ ಅಳತೆಯಲ್ಲಿ ದೇಹದ ಮಾನವೇನು? ಬಾನೆಟ್ಟಿನ ಉದ್ದ, ಎತ್ತರಗಳಿಗೆ ಒಳಗಿನ ಯಂತ್ರ ಕಾರಣವೋ, ಹೊರಗಿನ ಹಮ್ಮು ಕಾರಣವೋ? ಜಾಲರಿಯನ್ನು ಮರೆಮಾಡಿ ನೋಡಿದಾಗಲೂ ಕಾರಿನ ಗುಣ ಉಳಿಯುತ್ತದೆಯೇ? ಈ ಕೊನೆಯ ಪರೀಕ್ಷೆಯಲ್ಲಿ ಅಂಬಾಸಡರ್, ತನ್ನ ಎಲ್ಲ ಮುಖವಾಡಗಳ ನಡುವೆಯೂ, ತೇರ್ಗಡೆಯಾಗುತ್ತದೆ. ಇಂದಿನ ಅನೇಕ ಕಾರುಗಳು ಆಗಲಾರವು.

ದೇಗುಲದ ಮುಖಮಂಟಪವನ್ನು ಗರ್ಭಗುಡಿ, ಶಿಖರಗಳಿಂದ ಬೇರ್ಪಡಿಸಿ ಯಾರೂ ಬೆಲೆಕಟ್ಟುವುದಿಲ್ಲ. ಕಾರ್ಖಾನೆಯಿಂದ ಬರುವ ವಸ್ತುಗಳಿಗೂ ಅದೇ ಶಿಸ್ತು ಅನ್ವಯಿಸಬೇಕು. ತಾಲಮಾನದ ಅಂಕಿಗಳು ಕಾರಿಗೆ ಹೊಂದಲಾರವು. ಆದರೆ ಅಂಗವನ್ನು ಅಂಗಿಯಿಂದ ಬೇರೆಮಾಡದೆ ನೋಡಬೇಕೆಂಬ ಅದರ ತತ್ತ್ವ ಹೊಂದುತ್ತದೆ. ನಿತ್ಯ ಜೀವನದ ಯಂತ್ರಗಳನ್ನು ಈ ತತ್ತ್ವದ ಬೆಳಕಿನಲ್ಲಿ ಅಳೆದು, ಬರೆದು, ದಾಖಲಿಸುವ ಕೆಲಸ ಕನ್ನಡದ ಕಲಾವಿಮರ್ಶೆಯಲ್ಲಿ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ.